ಗಡಿಯಂಚಿನ ಜರ್ಮನ್ ಕಥೆಗಾರ್ತಿಯರು

ಮರಾಠಿ ರಂಗಭೂಮಿಯ ಆರಂಭವೆಂದು ಗುರುತಿಸುವ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ಸಾಂಗ್ಲಿಯಲ್ಲಿ ರಂಗಕ್ಕೆ ಬಂದದ್ದು 1843ರಲ್ಲಿ. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತ ಮೇಳದ ಆಟ. ಅದೇ ವರ್ಷ ಮಂಗಳೂರಿನಲ್ಲಿ ಜರ್ಮನಿಯ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಭಾಷೆಗೆ ಹೊಸ ದಾರಿ ತೋರಿಸಿದವರಲ್ಲಿ ಹೊರಗಿನಿಂದ ಬಂದವರು ಎಷ್ಟೋ ಮಂದಿ. ಸಾಂಗ್ಲಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ಜಿಲ್ಲೆಯ ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ.

ಇವತ್ತಿನ ಜರ್ಮನ್ ಕಥಾಸಾಹಿತ್ಯದ ಸತ್ವವೂ ಬಹುಪಾಲು ಇಂಥ ಅಂಚುಗಳಿಂದಲೇ ಬರುತ್ತಿದೆ, ಅದರಲ್ಲೂ ಹೆಣ್ಣುಮಕ್ಕಳ ಬರಹದಿಂದ. 2009ರ ನೊಬೆಲ್ ಪಡೆದ ಹೆರ್ಟಾ ಮ್ಯುಲ್ಲರ್ ಹುಟ್ಟಿದ್ದು ರೊಮೇನಿಯಾದ ಜರ್ಮನ್ ಮಾತಿನ ಹಳ್ಳಿಯೊಂದರಲ್ಲಿ. ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆಯ ಗುಪ್ತ ಪೊಲೀಸರ ಕಾಟ ಉಂಡು, 1987ರಲ್ಲಿ ಪಶ್ಚಿಮ ಜರ್ಮನಿಗೆ ಹೋದವರು. ಭಯ ಊರಿಡೀ ಹಬ್ಬಿದಾಗ ಗೆಳೆತನಕ್ಕೆ ಏನಾಗುತ್ತದೆ ಎಂಬುದನ್ನು ಅವರ ‘ದಿ ಲ್ಯಾಂಡ್ ಆಫ್ ಗ್ರೀನ್ ಪ್ಲಮ್ಸ್’ನಲ್ಲಿ ಕಾಣಬಹುದು.

ತುರ್ಕಿಯ ಎಮಿನೆ ಸೆವ್ಗಿ ಓಜ್‌ದಾಮಾರ್ ಹರೆಯದಲ್ಲಿ ಬರ್ಲಿನ್ನಿಗೆ ಹೋದದ್ದು ಕಾರ್ಖಾನೆ ಕೆಲಸಕ್ಕೆ. ಆಗ ಅವರಿಗೆ ಜರ್ಮನ್ ಬರುತ್ತಿರಲಿಲ್ಲ. ‘ದಿ ಬ್ರಿಡ್ಜ್ ಆಫ್ ದಿ ಗೋಲ್ಡನ್ ಹಾರ್ನ್’ ಕಾದಂಬರಿಯ ಹುಡುಗಿ ರೇಡಿಯೊ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ದಿನಪತ್ರಿಕೆಯ ತಲೆಬರಹಗಳನ್ನು ಅರ್ಥ ತಿಳಿಯದೆಯೇ ಬಾಯಿಪಾಠ ಮಾಡುತ್ತಾಳೆ. ಯಾರೇನು ಕೇಳಿದರೂ ಅದನ್ನೇ ಉತ್ತರವಾಗಿ ಒಪ್ಪಿಸುತ್ತಾಳೆ. ಪರಭಾಷೆಯ ಊರಲ್ಲಿ ಕೂಲಿಗೆ ಹೋದ ಯಾರಿಗಾದರೂ ಆ ಹುಡುಗಿ ತಮ್ಮವಳೆನಿಸುತ್ತಾಳೆ. 2022ರಲ್ಲಿ ಜರ್ಮನ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಬ್ಯುಖ್ನರ್ ಪ್ರಶಸ್ತಿ ಓಜ್‌ದಾಮಾರ್ ಅವರಿಗೇ ಸಂದಿತು.

ಜಪಾನಿನ ಯೊಕೊ ತವಾದಾ ಜಪಾನಿ, ಜರ್ಮನ್ ಎರಡರಲ್ಲೂ ಬರೆಯುತ್ತಾರೆ. ಅವರ ‘ಮೆಮೊಯರ್ಸ್ ಆಫ್ ಎ ಪೋಲಾರ್ ಬೇರ್’ ಹಿಮಕರಡಿಗಳ ಮೂರು ತಲೆಮಾರಿನ ಕಥೆ. ಸೋವಿಯತ್ ಸರ್ಕಸ್ಸಿನ ಅಜ್ಜಿ ಕರಡಿ ಆತ್ಮಕಥೆ ಬರೆಯುತ್ತದೆ, ಮೊಮ್ಮಗ ಬರ್ಲಿನ್ ಮೃಗಾಲಯದಲ್ಲಿ ಬೆಳೆಯುತ್ತಾನೆ. ಸೂಸನ್ ಬೆರ್ನೋಫ್‌ಸ್ಕಿ ಮಾಡಿದ ಇದರ ಅನುವಾದಕ್ಕೆ 2017ರಲ್ಲಿ, ಲೇಖಕಿಯರ ಅನುವಾದಿತ ಕೃತಿಗಳಿಗೆಂದೇ ಹುಟ್ಟಿದ ವಾರ್ವಿಕ್ ಪ್ರಶಸ್ತಿ ಮೊದಲ ಸಲ ಸಂದಿತು.

ಯೆನ್ನಿ ಎರ್ಪೆನ್‌ಬೆಕ್ ಹೊರಗಿಂದ ಬಂದವರಲ್ಲ. ಅವರು ಹುಟ್ಟಿ ಬೆಳೆದ ಪೂರ್ವ ಜರ್ಮನಿ ಎಂಬ ದೇಶವೇ 1990ರಲ್ಲಿ ಇಲ್ಲವಾಯಿತು. ಮೊದಲು ಓದಬೇಕಾದದ್ದು ಅವರ ‘ವಿಸಿಟೇಶನ್’. ಬರ್ಲಿನ್ ಆಚೆಯ ಕೆರೆದಂಡೆಯ ಒಂದು ಮನೆ, ಒಂದು ಶತಮಾನ. ಯಹೂದಿ ಕುಟುಂಬ, ವಾಸ್ತುಶಿಲ್ಪಿ, ಯುದ್ಧದ ಕೊನೆಗೆ ಬಂದ ರಷ್ಯನ್ ಸೈನಿಕರು, ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಾರೆ. ಅಧ್ಯಾಯಗಳ ನಡುನಡುವೆ ತೋಟದ ಮಾಲಿ ಮಾತ್ರ ಗಿಡ ಕಸಿ ಮಾಡುತ್ತ, ನೀರುಣಿಸುತ್ತ, ಸೌದೆ ಒಡೆಯುತ್ತ ಇರುತ್ತಾನೆ. ಆಳುವವರು ಬದಲಾದರೂ ಅವನ ಕೆಲಸ ನಿಲ್ಲದು. ಇತಿಹಾಸ ಮನೆಯೊಳಗೆ ಹೊಕ್ಕು ಕೂರುವ ಪರಿಯನ್ನು ಇಷ್ಟು ಕಡಿಮೆ ಪುಟಗಳಲ್ಲಿ ಕಾಣಿಸಿದ ಕಾದಂಬರಿಗಳು ವಿರಳ.

ಎರ್ಪೆನ್‌ಬೆಕ್ ಅವರ ‘ಕೈರೋಸ್’ಗೆ 2024ರ ಅಂತಾರಾಷ್ಟ್ರೀಯ ಬೂಕರ್ ಬಂತು. ಮರುವರ್ಷವೇ ಅದು ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಒಲಿಯಿತು. ಬಾನು ಅವರ ಮನೆಮಾತು ಉರ್ದು, ಬರವಣಿಗೆಯ ಮಾತು ಕನ್ನಡ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರೂ ‘ಚಂದ್ರಗಿರಿಯ ತೀರದಲ್ಲಿ’ ಬರೆದು ಅದೇ ದಾರಿಯಲ್ಲಿ ನಡೆದವರು. ಬೂಕರ್ ಹಣದಲ್ಲಿ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಹಾಗಾಗಿ ‘ಕೈರೋಸ್’ ಅನುವಾದಿಸಿದ ಮೈಕೆಲ್ ಹಾಫ್‌ಮನ್, ‘ಹಾರ್ಟ್ ಲ್ಯಾಂಪ್’ ಅನುವಾದಿಸಿದ ದೀಪಾ ಭಾಸ್ತಿ ಇಬ್ಬರ ಹೆಸರೂ ಪುಸ್ತಕಗಳೊಂದಿಗೆ ಜಗತ್ತು ಸುತ್ತಿತು. ಆ ಮನ್ನಣೆ ಪ್ರತಿಯೊಬ್ಬ ಅನುವಾದಕರಿಗೂ ಸಲ್ಲಬೇಕು.

ಈ ಕೃತಿಗಳು ಸದ್ಯ ನಮಗೆ ದಕ್ಕುವುದು ಇಂಗ್ಲಿಷ್ ಮೂಲಕ, ಆ ಅನುವಾದಗಳು ಚೆನ್ನಾಗಿಯೂ ಇವೆ. ಆದರೆ ಜರ್ಮನ್ ಕಲಿಸುವ ಮ್ಯಾಕ್ಸ್‌ಮುಲ್ಲರ್ ಭವನ ಪುಣೆಯಲ್ಲೂ ಬೆಂಗಳೂರಿನಲ್ಲೂ ಇದೆ. ಎರಡು ಭಾಷೆಗಳಲ್ಲಿ ಯೋಚಿಸುತ್ತಲೇ ಬೆಳೆದ ಗಡಿಸೀಮೆಯ ಮಕ್ಕಳಿಗೆ ಮೂರನೆಯದು ಕೈಗೆಟುಕದ್ದೇನಲ್ಲ. ಅವರು ಇಂಗ್ಲಿಷಿನ ಹಂಗಿಲ್ಲದೆ ಈ ಕಥೆಗಳನ್ನು ಕನ್ನಡಕ್ಕೆ ತರಬೇಕು. ಮೋಗ್ಲಿಂಗ್ ಕಲಿತ ಕನ್ನಡದ ಋಣವನ್ನು ಕನ್ನಡಿಗರು ಜರ್ಮನ್ ಕಲಿತು ಹಿಂದಿರುಗಿಸುವುದು ಆಗ.