ಹುಲಿಯ ಪಟ್ಟೆ ಹೇಳುವ ಸಾಕ್ಷಿ

ಮಕ್ಕಳೇ, ಊರಿನಲ್ಲಿ ಕಳ್ಳತನವಾದರೆ ಪೊಲೀಸರು ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಯಾರಾದರೂ ಕಳ್ಳನನ್ನು ನೋಡಿರುತ್ತಾರೆ, ಇಲ್ಲವೇ ಶಬ್ದವನ್ನಾದರೂ ಕೇಳಿರುತ್ತಾರೆ. ಆದರೆ ದಟ್ಟ ಕಾಡಿನ ನಡುವೆ, ನಡುರಾತ್ರಿಯಲ್ಲಿ ಒಂದು ಹುಲಿಯನ್ನು ಕೊಂದರೆ ನೋಡುವವರು ಯಾರು? ಸತ್ತ ಹುಲಿ ದೂರು ಕೊಡಲಾರದು. ಮರಗಳು ಸಾಕ್ಷಿ ಹೇಳಲಾರವು. ಹಾಗಾದರೆ ಕಳ್ಳಬೇಟೆಗಾರರನ್ನು ಹಿಡಿಯುವುದು ಹೇಗೆ? ಹಿಡಿದರೂ ನ್ಯಾಯಾಲಯದಲ್ಲಿ ಅಪರಾಧವನ್ನು ಸಾಬೀತು ಮಾಡುವುದು ಹೇಗೆ? ಈ ಕೆಲಸದಲ್ಲಿ ಕಾನೂನಿಗೆ ವಿಜ್ಞಾನ ನೆರವಾಗುತ್ತದೆ. ಹೇಗೆಂದು ತಿಳಿಯೋಣ ಬನ್ನಿ.

ಬೇಟೆ ಎಂದರೇನು?

ಒಂದು ಕಾಲದಲ್ಲಿ ನಮ್ಮ ದೇಶದ ರಾಜರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ಬೇಟೆ ಒಂದು ಮೋಜಾಗಿತ್ತು. ಅತಿ ವೇಗವಾಗಿ ಓಡುವ ಚೀತಾ ನಮ್ಮ ನೆಲದಿಂದ ಮರೆಯಾಗಲು ಬೇಟೆಯೂ ಒಂದು ಕಾರಣ. 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲವಾಯಿತೆಂದು ಘೋಷಿಸಲಾಯಿತು. ಮತ್ತೆ ಚೀತಾಗಳನ್ನು ನೋಡಲು 2022ರಲ್ಲಿ ದೂರದ ಆಫ್ರಿಕಾದಿಂದ ಅವನ್ನು ತರಬೇಕಾಯಿತು.

ಉಳಿದ ಪ್ರಾಣಿಗಳಿಗೂ ಇದೇ ಗತಿ ಬಾರದಿರಲೆಂದು 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಬೇಟೆ ಎಂದರೆ ಬಂದೂಕಿನಿಂದ ಗುಂಡು ಹೊಡೆಯುವುದು ಮಾತ್ರ ಎಂದು ನೀವು ತಿಳಿದಿರಬಹುದು. ಈ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗೆ ವಿಷವಿಡುವುದು, ಉರುಳು ಹಾಕುವುದು, ಬಲೆಯಲ್ಲಿ ಹಿಡಿಯುವುದು, ಗಾಯ ಮಾಡುವುದು ಎಲ್ಲವೂ ಬೇಟೆಯೇ. ಪ್ರಾಣಿ ತಪ್ಪಿಸಿಕೊಂಡು ಓಡಿಹೋದರೂ ಬೇಟೆಗೆ ಪ್ರಯತ್ನಿಸಿದ್ದೇ ಅಪರಾಧ. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಕಾಡುಹಕ್ಕಿಯ ಗೂಡನ್ನು ಕೆದಕುವುದು, ಮೊಟ್ಟೆಯನ್ನು ಒಡೆಯುವುದು ಕೂಡ ಕಾನೂನಿನ ಕಣ್ಣಿನಲ್ಲಿ ಬೇಟೆಯೇ!

ಹುಲಿ, ಆನೆಗಳಂಥ ಪ್ರಾಣಿಗಳು ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಇವನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಶಿಕ್ಷೆಯಿದೆ. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡವನ್ನೂ ಕಟ್ಟಬೇಕು. ಆದರೆ ಮೇಲೆರಗಿ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವಾಗ ಅದು ಸತ್ತರೆ ಅದನ್ನು ಅಪರಾಧವೆಂದು ಎಣಿಸುವುದಿಲ್ಲ.

ಉರುಳಿಗೆ ಕಣ್ಣಿಲ್ಲ

ಕಳ್ಳಬೇಟೆಗೆ ಹೆಚ್ಚಾಗಿ ಬಳಸುವ ಸಾಧನ ಉರುಳು. ಮೋಟಾರ್ ಸೈಕಲಿನ ಬ್ರೇಕ್ ತಂತಿಯಂಥ ಗಟ್ಟಿ ತಂತಿಯನ್ನು ಕುಣಿಕೆ ಮಾಡಿ, ಪ್ರಾಣಿಗಳು ಓಡಾಡುವ ದಾರಿಯಲ್ಲಿ ಕಟ್ಟುತ್ತಾರೆ. ಕುಣಿಕೆಗೆ ಸಿಕ್ಕಿದ ಪ್ರಾಣಿ ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಬಿಗಿಯುತ್ತದೆ.

ಹೊಲಕ್ಕೆ ನುಗ್ಗುವ ಕಾಡುಹಂದಿಗೆಂದು ಹಾಕಿದ ಉರುಳಿಗೆ ಹಂದಿಯೇ ಬೀಳಬೇಕೆಂದಿಲ್ಲ. ಚಿರತೆ ಬೀಳಬಹುದು, ಹುಲಿ ಬೀಳಬಹುದು, ಊರಿನ ದನವೂ ಬೀಳಬಹುದು. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜವಾದದ್ದೇ. ಅದಕ್ಕಾಗಿಯೇ ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ವ್ಯವಸ್ಥೆಯಿದೆ. ಉರುಳು ಹಾಕಿದರೆ ಹೋದ ಬೆಳೆ ಮರಳಿ ಬರುವುದಿಲ್ಲ, ಹಾಕಿದವರು ಜೈಲು ಸೇರಬೇಕಾಗುತ್ತದೆ.

ಕಾಡಿನೊಳಗಿನ ಕಾವಲು

ಬಂಡೀಪುರ, ನಾಗರಹೊಳೆಯಂಥ ಕಾಡುಗಳ ಒಳಗೆ ಕಳ್ಳಬೇಟೆ ತಡೆ ಶಿಬಿರಗಳಿವೆ. ಅಲ್ಲಿನ ಕಾವಲುಗಾರರು ಮನೆಯವರನ್ನು ಬಿಟ್ಟು ದಿನಗಟ್ಟಲೆ ಕಾಡಿನಲ್ಲೇ ಉಳಿಯುತ್ತಾರೆ. ಮಳೆಯಿರಲಿ, ಚಳಿಯಿರಲಿ, ಪ್ರತಿದಿನವೂ ಕಾಲ್ನಡಿಗೆಯಲ್ಲಿ ಗಸ್ತು ತಿರುಗುತ್ತಾರೆ. ಉರುಳು ಕಂಡರೆ ಕಿತ್ತುಹಾಕುತ್ತಾರೆ. ಹೊಸ ಹೆಜ್ಜೆ ಗುರುತು, ಆರಿದ ಒಲೆ, ಬಿದ್ದ ತೋಟಾ ಏನಿದ್ದರೂ ಬರೆದುಕೊಳ್ಳುತ್ತಾರೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಈಗ ಅವರು ನಡೆದ ದಾರಿಯೂ ಉಪಗ್ರಹದ ನೆರವಿನಿಂದ ದಾಖಲಾಗುತ್ತದೆ. ಯಾವ ಮೂಲೆಗೆ ಗಸ್ತು ಹೋಗಿಲ್ಲ ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ.

ನಾಯಿಗಳೂ ಈ ಕೆಲಸದಲ್ಲಿ ನೆರವಾಗುತ್ತವೆ. ಹುಲಿಯ ಚರ್ಮ, ಮೂಳೆ, ಜಿಂಕೆಯ ಮಾಂಸ ಇವುಗಳ ವಾಸನೆ ಹಿಡಿಯಲು ಅವಕ್ಕೆ ತರಬೇತಿ ಕೊಡುತ್ತಾರೆ. ಬಂಡೀಪುರದಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ನಾಯಿ ಇಂಥ ಪತ್ತೆ ಕಾರ್ಯದಲ್ಲಿ ಹೆಸರು ಮಾಡಿತ್ತು.

ಕದ್ದ ಚರ್ಮ, ದಂತಗಳು ಒಂದೇ ರಾಜ್ಯದಲ್ಲಿ ಉಳಿಯುವುದಿಲ್ಲ. ಅವು ಕೈಯಿಂದ ಕೈಗೆ ದಾಟಿ ದೇಶದ ಗಡಿಯಾಚೆಗೂ ಹೋಗುತ್ತವೆ. ಇಂಥ ಜಾಲಗಳ ಮಾಹಿತಿ ಕಲೆಹಾಕಿ ಎಲ್ಲ ರಾಜ್ಯಗಳಿಗೂ ತಿಳಿಸಲು ಕೇಂದ್ರ ಸರ್ಕಾರ 2007ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳವನ್ನು ರಚಿಸಿತು.

ಮಾಂಸದ ತುಂಡು ಹೇಳುವ ಗುಟ್ಟು

ಒಬ್ಬನ ಬಳಿ ಮಾಂಸ ಸಿಕ್ಕಿತೆನ್ನಿ. "ಇದು ಕುರಿ ಮಾಂಸ, ಸಂತೆಯಲ್ಲಿ ತಂದೆ" ಎನ್ನುತ್ತಾನೆ. ಅದು ಜಿಂಕೆಯದೆಂದು ಅಧಿಕಾರಿಗೆ ಅನುಮಾನ. ಬರೀ ಅನುಮಾನದ ಮೇಲೆ ಯಾರಿಗೂ ಶಿಕ್ಷೆ ಕೊಡಲಾಗದು. ಆಗ ಅಧಿಕಾರಿಗಳು ಸಾಕ್ಷಿಗಳ ಎದುರಿನಲ್ಲಿ ಮಹಜರು ಬರೆಯುತ್ತಾರೆ. ಮಾಂಸದ ಚೂರನ್ನು ಡಬ್ಬಿಯಲ್ಲಿಟ್ಟು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮೊಹರು ಏಕೆ ಗೊತ್ತೇ? ದಾರಿಯಲ್ಲಿ ಯಾರೂ ಮಾದರಿಯನ್ನು ಬದಲಿಸಿಲ್ಲ ಎಂಬುದು ನ್ಯಾಯಾಧೀಶರಿಗೆ ಖಚಿತವಾಗಬೇಕು.

ಎಲ್ಲ ಜೀವಿಗಳ ಜೀವಕೋಶಗಳಲ್ಲೂ ಡಿ.ಎನ್.ಎ. ಎಂಬ ರಾಸಾಯನಿಕ ಇರುತ್ತದೆ. ಜಿಂಕೆಯ ಡಿ.ಎನ್.ಎ. ಬೇರೆ, ಕುರಿಯದು ಬೇರೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಪುಟ್ಟ ಭಾಗಗಳಲ್ಲಿಯೂ ಡಿ.ಎನ್.ಎ. ಇದೆ. ಅದರ ಅನೇಕ ಪ್ರತಿಗಳು ಒಂದೇ ಕೋಶದಲ್ಲಿರುವುದರಿಂದ, ಬೇಯಿಸಿದ ಮಾಂಸದಲ್ಲೂ ಎಷ್ಟೋ ಸಲ ಅದರ ತುಣುಕುಗಳು ಉಳಿದಿರುತ್ತವೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಮತ್ತು ಅವರ ಸಂಗಡಿಗರು, ಇಂಥ ತುಣುಕಿನಿಂದ ಅದು ಯಾವ ಪ್ರಾಣಿಯದೆಂದು ಹೇಳುವ ವಿಧಾನವನ್ನು ರೂಪಿಸಿದರು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿಯೂ ಇಂಥ ಪ್ರಯೋಗಾಲಯವಿದೆ. ಕೂದಲು, ಮೂಳೆ, ಉಗುರು ಯಾವುದಾದರೂ ಸರಿ, ಅದು ಯಾವ ಪ್ರಾಣಿಯದೆಂದು ಪತ್ತೆ ಮಾಡಲು ಸಾಧ್ಯ.

ಪಟ್ಟೆಯೇ ಬೆರಳಚ್ಚು

ಹುಲಿಯ ಚರ್ಮ ಸಿಕ್ಕರೆ ಅದು ಹುಲಿಯದೆಂದು ಯಾರಾದರೂ ಹೇಳಿಯಾರು. ಆದರೆ ಯಾವ ಕಾಡಿನ ಹುಲಿ? ಇದಕ್ಕೆ ಉತ್ತರ ಅದರ ಪಟ್ಟೆಗಳಲ್ಲೇ ಇದೆ. ನಮ್ಮ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಮೈ, ಬಲಮೈ ಪಟ್ಟೆಗಳೂ ಬೇರೆ ಬೇರೆ! ಮರಿ ಬೆಳೆದು ದೊಡ್ಡದಾದರೂ ಪಟ್ಟೆಗಳ ವಿನ್ಯಾಸ ಬದಲಾಗುವುದಿಲ್ಲ.

ಕನ್ನಡಿಗ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಹುಲಿಗಳನ್ನು ಎಣಿಸಲು ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಬಳಸಿದರು. ಹುಲಿ ನಡೆಯುವ ದಾರಿಯ ಎರಡೂ ಬದಿ ಒಂದೊಂದು ಕ್ಯಾಮೆರಾ ಇಟ್ಟರೆ ಅದರ ಎರಡೂ ಮೈಗಳ ಚಿತ್ರ ಸಿಗುತ್ತದೆ. ಹೀಗೆ ಒಂದೊಂದು ಹುಲಿಗೂ ಗುರುತಿನ ಚೀಟಿ ಸಿದ್ಧವಾಯಿತು.

ಒಣಗಿಸಿ, ಎಳೆದು ಹರಡಿದ ಚರ್ಮದಲ್ಲಿ ಪಟ್ಟೆಗಳು ಹಿಗ್ಗಿ ವಾರೆಯಾಗಿ ಕಾಣುತ್ತವೆ. ಅದನ್ನು ಜೀವಂತ ಹುಲಿಯ ಚಿತ್ರದೊಂದಿಗೆ ಹೋಲಿಸುವುದು ಕಷ್ಟ. ಇದಕ್ಕಾಗಿ ವಿಜ್ಞಾನಿಗಳು ಹುಲಿಯ ಮೈಯ ಆಕಾರವನ್ನು ಕಂಪ್ಯೂಟರಿನಲ್ಲಿ ರಚಿಸಿ, ಪಟ್ಟೆಗಳನ್ನು ಅದರ ಮೇಲೆ ಹೊಂದಿಸಿ ನೋಡುವ ತಂತ್ರಾಂಶವನ್ನು ತಯಾರಿಸಿದರು. 2009ರಲ್ಲಿ ಈ ವಿಧಾನ ಪ್ರಕಟವಾಯಿತು. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಕೆಲವು ಚರ್ಮಗಳು ಯಾವ ಹುಲಿಯವು ಎಂಬುದು ಹಳೆಯ ಚಿತ್ರಗಳಿಂದ ತಿಳಿದುಬಂತು. ಹುಲಿ ಸತ್ತ ಮೇಲೂ ಅದರ ಪಟ್ಟೆಗಳು ಸಾಕ್ಷಿ ಹೇಳಿದವು.

ಒಂದು ಹುಲಿ ಸತ್ತರೆ ಏನಾಗುತ್ತದೆ?

ತಾಯಿ ಹುಲಿಯ ಜೊತೆ ಮರಿಗಳು ಸುಮಾರು ಎರಡು ವರ್ಷ ಇರುತ್ತವೆ. ಬೇಟೆಯಾಡುವುದನ್ನು ಕಲಿಯುವ ಮುನ್ನವೇ ತಾಯಿ ಸತ್ತರೆ ಮರಿಗಳೂ ಹಸಿವಿನಿಂದ ಸಾಯುತ್ತವೆ. ಒಂದೇ ಉರುಳಿಗೆ ಮೂರು ನಾಲ್ಕು ಜೀವಗಳು ಬಲಿಯಾದಂತಾಯಿತು. ಆನೆಗಳ ಕಥೆ ಇನ್ನೊಂದು ಬಗೆ. ನಮ್ಮ ಏಷ್ಯಾದ ಆನೆಗಳಲ್ಲಿ ಉದ್ದನೆಯ ದಂತ ಇರುವುದು ಗಂಡಿಗೆ ಮಾತ್ರ. ಆದ್ದರಿಂದ ದಂತಚೋರರು ಗಂಡಾನೆಗಳನ್ನೇ ಹುಡುಕಿ ಕೊಲ್ಲುತ್ತಾರೆ. ಗಂಡಾನೆಗಳು ತೀರ ಕಡಿಮೆಯಾದರೆ ಮರಿಗಳ ಸಂಖ್ಯೆಯೂ ಇಳಿಯುತ್ತದೆ.

ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹೀಗೆಯೇ ಆಯಿತು. ಕಾವಲು ಸಡಿಲವಾಗಿ, ಕಳ್ಳಬೇಟೆ ಹೆಚ್ಚಿ, 2004ರ ಕೊನೆಯ ಹೊತ್ತಿಗೆ ಅಲ್ಲಿ ಒಂದು ಹುಲಿಯೂ ಉಳಿಯಲಿಲ್ಲ. 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ಕಾವಲು ಬಿಗಿಯಾದರೆ ಏನಾಗುತ್ತದೆ ಎಂಬುದನ್ನೂ ನೋಡಿ. 2006ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು ಸಂಖ್ಯೆ 1,411. 2022ರ ಗಣತಿಯಲ್ಲಿ ಅದು 3,682. ಅವುಗಳಲ್ಲಿ 563 ನಮ್ಮ ಕರ್ನಾಟಕದಲ್ಲಿವೆ.

ನೀವೇನು ಮಾಡಬಹುದು?

ಹಕ್ಕಿಯ ಗೂಡನ್ನು ದೂರದಿಂದ ನೋಡಿ, ಕೈ ಹಾಕಬೇಡಿ. ಗಿಳಿಯನ್ನು ಪಂಜರದಲ್ಲಿ ಸಾಕುವುದು, ನಕ್ಷತ್ರ ಆಮೆಯನ್ನು ಮನೆಗೆ ತರುವುದು ಅಪರಾಧ ಎಂಬುದನ್ನು ಮನೆಯವರಿಗೂ ತಿಳಿಸಿ. ಕೊಳ್ಳುವವರು ಇಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ. ಹೊಲದ ಬೇಲಿಯಲ್ಲೋ ಕಾಡಂಚಿನಲ್ಲೋ ಉರುಳು ಕಂಡರೆ ನೀವೇ ಮುಟ್ಟಲು ಹೋಗಬೇಡಿ. ಅದು ಅಪಾಯ, ಸಾಕ್ಷ್ಯವೂ ಹಾಳಾಗುತ್ತದೆ. ಕೂಡಲೇ ಶಿಕ್ಷಕರಿಗೆ ಅಥವಾ ಹಿರಿಯರಿಗೆ ಹೇಳಿ. ಅವರು ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸುತ್ತಾರೆ. ನೀವು ಆ ದಿನ ಹೇಳಿದ ಒಂದು ಮಾತಿನಿಂದ ಒಂದು ಜೀವ ಉಳಿಯಬಹುದು.

ಮಾಡಿ ನೋಡಿ

ತರಗತಿಯ ಹತ್ತು ಮಂದಿ ಹೆಬ್ಬೆರಳಿಗೆ ಶಾಯಿ ಹಚ್ಚಿ, ಬೇರೆ ಬೇರೆ ಚೀಟಿಗಳ ಮೇಲೆ ಎರಡೆರಡು ಬಾರಿ ಒತ್ತಿರಿ. ಒಂದು ಚೀಟಿಯ ಹಿಂದೆ ಹೆಸರು ಬರೆಯಿರಿ, ಇನ್ನೊಂದನ್ನು ಖಾಲಿ ಬಿಡಿ. ಖಾಲಿ ಚೀಟಿಗಳನ್ನು ಕಲಸಿ, ಭೂತಗನ್ನಡಿಯಿಂದ ನೋಡುತ್ತಾ ಅವುಗಳ ಜೋಡಿ ಹುಡುಕಿರಿ. ಯಾವ ಗೆರೆ, ಯಾವ ಸುಳಿ ನೋಡಿ ಗುರುತಿಸಿದಿರಿ ಎಂದು ಬರೆದಿಡಿ. ಹುಲಿಯ ಪಟ್ಟೆಗಳನ್ನು ಹೋಲಿಸುವ ವಿಜ್ಞಾನಿಗಳು ಮಾಡುವುದೂ ಇದೇ ಕೆಲಸವನ್ನು!