ಹಳೆಯ ಕಾರಿನ ಹಿತ್ತಾಳೆ ಚೌಕಟ್ಟು

ಹಿತ್ತಾಳೆ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಬಿಂದಿಗೆ, ದೀಪದ ಕಂಬ, ಗಂಟೆ. ಕಾರಿನ ಕಿಟಕಿಯ ಸುತ್ತ ಬೆಳ್ಳಿಯಂತೆ ಹೊಳೆಯುವ ಪಟ್ಟಿಯೂ ಒಳಗೆ ಹಿತ್ತಾಳೆಯೇ ಆಗಿರಬಹುದೆಂದು ಎಣಿಸುವವರು ವಿರಳ. ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿ 1959ರಿಂದ 1967ರವರೆಗೆ ತಯಾರಾದ ಜಾಗ್ವಾರ್ ಮಾರ್ಕ್ 2 ಕಾರನ್ನೇ ತೆಗೆದುಕೊಳ್ಳೋಣ. ಅದರ ಬಾಗಿಲುಗಳ ಮೇಲಿನ ತೆಳುವಾದ ಕಿಟಕಿ ಚೌಕಟ್ಟುಗಳು ಹಿತ್ತಾಳೆಯವು; ಮೇಲೆ ಕಾಣುವುದು ಕ್ರೋಮಿಯಂ ಲೇಪ. ಹಿತ್ತಾಳೆಯನ್ನು ಬಾಗಿಸುವುದೂ ಬೆಸೆಯುವುದೂ ಸುಲಭ. ಕಬ್ಬಿಣದಂತೆ ಅದು ತುಕ್ಕು ಹಿಡಿಯದು. ದಶಕಗಳಿಂದ ಒಂದು ಬಾಗಿಲಿಗೆ ಹೊಂದಿಕೊಂಡಿರುವ ಇಂತಹ ಚೌಕಟ್ಟು ನೆಗ್ಗಿದರೆ, ಸೀಳಿದರೆ, ಕಾರಿನ ಒಡೆಯರಿಗೆ ಆಗುವ ಕಳವಳ ಸಣ್ಣದಲ್ಲ. ಆದರೆ ಅಪಘಾತಕ್ಕಿಂತಲೂ ಆತುರದ ದುರಸ್ತಿಯೇ ಇದಕ್ಕೆ ಹೆಚ್ಚು ಹಾನಿಯನ್ನುಂಟುಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಲೋಹ ಯಾವುದೆಂದು ಅರಿಯಬೇಕು. ಅಯಸ್ಕಾಂತ ಅಂಟದಿದ್ದರೆ ಅದು ಸಾಮಾನ್ಯ ಉಕ್ಕಲ್ಲವೆಂದಷ್ಟೇ ತಿಳಿಯುತ್ತದೆ. ಸತುವಿನ ಎರಕಕ್ಕೂ ಅದು ಅಂಟದು. ಕಣ್ಣಿಗೆ ಬೀಳದ ಒಳಬದಿಯಲ್ಲಿ ಅರದಿಂದ ಮೆಲ್ಲನೆ ಗೀಚಿ ನೋಡಿದರೆ ಹಳದಿ ಬಣ್ಣವೇ ಸಾಕ್ಷಿ ನುಡಿಯುತ್ತದೆ.

ತಾಮ್ರ ಮತ್ತು ಸತುವಿನ ಈ ಮಿಶ್ರಲೋಹಕ್ಕೆ ಒಂದು ವಿಚಿತ್ರ ಗುಣವಿದೆ. ಬಡಿದಷ್ಟೂ, ಬಾಗಿಸಿದಷ್ಟೂ ಅದು ಗಡುಸಾಗುತ್ತದೆ. ಇನ್ನೂ ಬಡಿದರೆ ಬಿರಿಯುತ್ತದೆ. ಬಿಂದಿಗೆ ಬಡಿಯುವ ಕಂಚುಗಾರರು ನಡುನಡುವೆ ಅದನ್ನು ಕಾಯಿಸುವುದು ಇದೇ ಕಾರಣಕ್ಕೆ. ಚೌಕಟ್ಟಿಗೂ ಅದೇ ನ್ಯಾಯ. ಲೇಪವನ್ನು ಮೊದಲು ಲೇಪಗಾರನಿಂದ ತೆಗೆಸಿ, ನೆಗ್ಗಿದ ಭಾಗವನ್ನು ಮಬ್ಬುಬೆಳಕಿನಲ್ಲಿ ಮಾತ್ರ ಕಾಣುವಷ್ಟು ಮಸುಕು ಕೆಂಪಿನವರೆಗೆ ಕಾಯಿಸಿದರೆ ಲೋಹ ಮೃದುವಾಗುತ್ತದೆ. ಅದಕ್ಕೂ ಮಿಗಿಲಾಗಿ ಕಾಯಿಸಿದರೆ ಲೋಹದ ಕಣಗಳು ದೊಡ್ಡದಾಗಿ, ಬಾಗಿಸಿದಾಗ ಮೈಯೆಲ್ಲ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ಹಳೆಯ ಬೆಸುಗೆ ಹತ್ತಿರದಲ್ಲಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಸುತ್ತಿರಬೇಕು. ಬಳಿಕ ಗಟ್ಟಿಮರದ ತುಂಡನ್ನು ಆಧಾರವಾಗಿಟ್ಟು, ಒಳಬದಿಯಿಂದ ಸಣ್ಣ ಮರದ ಕೊಡತಿಯಲ್ಲಿ ಹಗುರವಾಗಿ ತಟ್ಟುತ್ತ ಬರಬೇಕು. ಉಕ್ಕಿನ ಸುತ್ತಿಗೆ ಬೇಡವೇ ಬೇಡ; ಅದು ಹಿತ್ತಾಳೆಯನ್ನು ಹಿಗ್ಗಿಸಿಬಿಡುತ್ತದೆ, ಹಿಗ್ಗಿದ್ದನ್ನು ಕುಗ್ಗಿಸುವುದು ಬಲು ಪ್ರಯಾಸದ ಕೆಲಸ.

ಬಿಗುವಿನಲ್ಲಿರುವ ಹಿತ್ತಾಳೆಗೆ ಅಮೋನಿಯಾ ದೊಡ್ಡ ವೈರಿ. ಈ ಸಂಗತಿಗೂ ನಮ್ಮ ದೇಶಕ್ಕೂ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ಲೋಹದೊಳಗಿನ ಬಿಗುವು ಎರಡೂ ಕೂಡಿ ಹೀಗೆ ಮಾಡುತ್ತವೆಂದು ವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಆದುದರಿಂದ ಬಾಗಿಸಿದ ಚೌಕಟ್ಟನ್ನು ಅಮೋನಿಯಾ ಬೆರೆತ ದ್ರವಗಳಿಂದ ತೊಳೆಯಬಾರದು. ಕಲಾಯಿಗೆ ಬಳಸುವ ನವಸಾಗರವೂ ಕಾದಾಗ ಅಮೋನಿಯಾವನ್ನೇ ಬಿಡುತ್ತದೆ. ಬೆಸುಗೆಯಲ್ಲಿ ಅದನ್ನು ಬಳಸಿದ್ದರೆ ಕೂಡಲೆ ಚೆನ್ನಾಗಿ ತೊಳೆದುಬಿಡುವುದು ಕ್ಷೇಮ.

ಸೀಳಿಗೆ ಬೆಳ್ಳಿ ಬೆಸುಗೆಯೇ ಸರಿ. ಮೇಲ್ಮೈಯ ಸಣ್ಣ ಗುಳಿಗಳನ್ನು ಉಜ್ಜಿ ಅಳಿಸುವ ಹಟ ಮಾತ್ರ ಕೂಡದು. ಅಂಚುಗಳು ಸವೆದು ದುಂಡಗಾದರೆ, ತೆಳುವಾದ ಜಾಗ ತೂತುಬಿದ್ದರೆ, ಕಳೆದುಹೋದ ಲೋಹ ಮರಳಿ ಬಾರದು. ಬಲ್ಲ ಲೇಪಗಾರರು ದಪ್ಪವಾಗಿ ತಾಮ್ರದ ಲೇಪ ಕೊಟ್ಟು, ಆ ತಾಮ್ರವನ್ನೇ ಉಜ್ಜಿ, ಮತ್ತೆ ಲೇಪ ಕೊಟ್ಟು ಗುಳಿ ತುಂಬುತ್ತಾರೆ. ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಕಣ್ಣು ಕೋರೈಸುವ ಹೊಳಪು ಬಹುಮಟ್ಟಿಗೆ ನಿಕ್ಕಲ್‌ನದು. ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕ್ರೋಮಿಯಂ ಆ ಹೊಳಪು ಕಂದದಂತೆ ಕಾಯುತ್ತದೆ, ಅಷ್ಟೆ! ಈ ಕೆಲಸವನ್ನು ಮನೆಯಂಗಳದಲ್ಲಿ ಮಾಡಹೊರಡುವ ಉತ್ಸಾಹಿಗಳಿಗೆ ನಾವು ಒತ್ತಿ ಹೇಳುವುದಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಕ್ರೋಮಿಕ್ ಆಮ್ಲದ ತೊಟ್ಟಿಯಿಂದೇಳುವ ಸೂಕ್ಷ್ಮ ಹನಿಗಳು ಕ್ಯಾನ್ಸರಿಗೆ ಕಾರಣವಾಗಬಲ್ಲವು. ಮಕ್ಕಳಿರುವ ಮನೆಯಲ್ಲಿ ಅದು ಸರ್ವಥಾ ಸಲ್ಲದು.

ಲೇಪಕ್ಕೆ ಒಪ್ಪಿಸುವ ಮುನ್ನ ಚೌಕಟ್ಟನ್ನು ಬಾಗಿಲಿಗೆ ಕೂಡಿಸಿ, ಗಾಜನ್ನು ಏರಿಸಿ ಇಳಿಸಿ, ಬಾಗಿಲನ್ನು ಹಾಕಿ ತೆಗೆದು ನೋಡಬೇಕು. ಲೇಪವಾದ ಮೇಲೆ ಬಾಗಿಸಹೋದರೆ ನಿಕ್ಕಲ್ ಬಿರುಕುಬಿಡುತ್ತದೆ, ಆಗ ಎಲ್ಲವನ್ನೂ ಕಿತ್ತು ಮೊದಲಿನಿಂದ ಆರಂಭಿಸಬೇಕಾಗುತ್ತದೆ.