ಮುಖಕ್ಕೆ ಹೈಲುರಾನಿಕ್ ಚುಚ್ಚುಮದ್ದು: ಸೂಜಿಗೆ ಮೊದಲು ತಿಳಿಯಬೇಕಾದ್ದು

ಹರವೆ (ಚಾಮರಾಜನಗರ ಜಿಲ್ಲೆ): ತುಟಿ ತುಂಬಿಸುವ, ಕಣ್ಣಿನ ಕೆಳಗಿನ ಗುಳಿ ಮುಚ್ಚುವ, ಕೆನ್ನೆಯ ಗೆರೆ ನೀಗಿಸುವ ಚುಚ್ಚುಮದ್ದುಗಳ ಜಾಹೀರಾತು ಈಗ ಮಹಾನಗರಗಳಿಗೆ ಸೀಮಿತವಾಗಿಲ್ಲ. ಮೊಬೈಲ್ ಮೂಲಕ ಅವು ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹರವೆಯಂತಹ ಊರುಗಳನ್ನೂ ತಲುಪುತ್ತಿವೆ. ಮದುವೆ, ನಿಶ್ಚಿತಾರ್ಥಗಳ ಹೊತ್ತಿಗೆ 'ಅರ್ಧ ಗಂಟೆಯಲ್ಲಿ ಹೊಸ ಮುಖ' ಎಂಬ ಭರವಸೆ ಯಾರನ್ನಾದರೂ ಸೆಳೆಯುವಂಥದ್ದೇ. ಆದರೆ ನಗರಕ್ಕೆ ಹೋಗಿ ಚುಚ್ಚಿಸಿಕೊಂಡು ಅದೇ ಸಂಜೆ ಬಸ್ಸು ಹತ್ತಿ ಊರಿಗೆ ಮರಳುವವರು ಒಂದು ಸಂಗತಿಯನ್ನು ಅರಿತಿರಬೇಕು. ಈ ಚಿಕಿತ್ಸೆಯ ಗಂಭೀರ ಅಪಾಯ ಅಪರೂಪದ್ದು. ಆದರೆ ಅದು ಎದುರಾದರೆ ಮದ್ದು ಗಂಟೆಗಳ ಲೆಕ್ಕದಲ್ಲಿ ಸಿಗಬೇಕು.

ಏನಿದು ಹೈಲುರಾನಿಕ್ ಆಮ್ಲ?

ಹೆಸರಿನಲ್ಲಿ ಆಮ್ಲವಿದ್ದರೂ ಇದು ಚರ್ಮ ಸುಡುವ ವಸ್ತುವಲ್ಲ. ನಮ್ಮ ಚರ್ಮ, ಕಣ್ಣು ಹಾಗೂ ಕೀಲುಗಳಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ಲೋಳೆಯಂತಹ ಪದಾರ್ಥ. 70 ಕಿಲೋ ತೂಕದ ವ್ಯಕ್ತಿಯ ದೇಹದಲ್ಲಿ ಸುಮಾರು 15 ಗ್ರಾಂನಷ್ಟು ಇರುತ್ತದೆ. ಅದರ ಅರ್ಧದಷ್ಟು ಇರುವುದು ಚರ್ಮದಲ್ಲಿ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನ ಒಳದ್ರವದಿಂದ ಮೊದಲ ಬಾರಿಗೆ ಬೇರ್ಪಡಿಸಿದರು. ಮುಂದೆ ಹುಂಜದ ಜುಟ್ಟಿನಿಂದ ತಯಾರಾಗುತ್ತಿತ್ತು. ಈಗ ಬಹುಪಾಲು ಬ್ಯಾಕ್ಟೀರಿಯಾಗಳನ್ನು ಬಳಸಿ ಹುದುಗಿಸುವ ವಿಧಾನದಲ್ಲಿ ಸಿದ್ಧವಾಗುತ್ತದೆ.

ದೇಹವು ತನ್ನಲ್ಲಿರುವ ಹೈಲುರಾನಿಕ್ ಆಮ್ಲವನ್ನು ಪ್ರತಿದಿನ ಕರಗಿಸಿ ಹೊಸದನ್ನು ತಯಾರಿಸಿಕೊಳ್ಳುತ್ತದೆ. ಹೀಗಾಗಿ ಅದನ್ನು ಇದ್ದಂತೆಯೇ ಚುಚ್ಚಿದರೆ ಬಹುಕಾಲ ನಿಲ್ಲದು. ಅದರ ಎಳೆಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದು ಗಟ್ಟಿಯಾದ ಜೆಲ್ ಮಾಡಿದಾಗ ತಿಂಗಳುಗಟ್ಟಲೆ ಉಳಿಯುತ್ತದೆ. ಇದೇ 'ಫಿಲ್ಲರ್'. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2003ರ ಡಿಸೆಂಬರ್‌ನಲ್ಲಿ ಇಂತಹ ಮೊದಲ ಫಿಲ್ಲರ್‌ಗೆ ಅನುಮತಿ ನೀಡಿತು.

ಎಲ್ಲೆಲ್ಲಿ ಬಳಕೆ?

ಮೂಗಿನಿಂದ ಬಾಯಿಯ ಅಂಚಿನವರೆಗಿನ ಆಳವಾದ ಗೆರೆ, ತೆಳುವಾದ ತುಟಿ, ಬತ್ತಿದ ಕೆನ್ನೆ, ಮೊಡವೆಯಿಂದಾದ ಕುಳಿ ಇತ್ಯಾದಿಗಳನ್ನು ತುಂಬಿಸಲು ಫಿಲ್ಲರ್ ಬಳಸುತ್ತಾರೆ. ಇನ್ನೂ ತೆಳುವಾದ ಬಗೆಯೊಂದನ್ನು ಚರ್ಮದ ಮೇಲ್ಪದರದಲ್ಲಿ ಸಣ್ಣ ಸಣ್ಣ ಹನಿಗಳಾಗಿ ಚುಚ್ಚಿ ತೇವಾಂಶ ಹೆಚ್ಚಿಸುವುದುಂಟು. 'ಸ್ಕಿನ್ ಬೂಸ್ಟರ್' ಎಂದು ಕರೆಯುವುದು ಇದನ್ನೇ. ಫಿಲ್ಲರ್‌ನ ಪರಿಣಾಮ ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಇರುತ್ತದೆ. ಶಾಶ್ವತ ಎಂದು ಯಾರಾದರೂ ಹೇಳಿದರೆ ಅದು ಹೈಲುರಾನಿಕ್ ಆಮ್ಲವಲ್ಲ ಎಂದೇ ತಿಳಿಯಬೇಕು.

ಬೊಟಾಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಫಿಲ್ಲರ್ ಜಾಗವನ್ನು ತುಂಬುತ್ತದೆ.

ಸೌಂದರ್ಯದ ಆಚೆಗೂ ಇದರ ಬಳಕೆಯಿದೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಒಳಭಾಗದ ಸೂಕ್ಷ್ಮ ಪದರಗಳ ರಕ್ಷಣೆಗೆ ಹೈಲುರಾನಿಕ್ ಆಮ್ಲದ ಜೆಲ್ ನೆರವಾಗುತ್ತದೆ. ಸವೆದ ಮೊಣಕಾಲಿಗೆ ಚುಚ್ಚುವ ಪದ್ಧತಿಯೂ ಇದೆ. ಆದರೆ ಅದರ ಪ್ರಯೋಜನದ ಬಗ್ಗೆ ಮೂಳೆ ತಜ್ಞರಲ್ಲಿ ಒಮ್ಮತವಿಲ್ಲ.

ಸಾಮಾನ್ಯ ತೊಂದರೆಗಳು

ಚುಚ್ಚಿದ ಜಾಗದಲ್ಲಿ ಊತ, ನೋವು, ಕೆಂಪಾಗುವಿಕೆ, ರಕ್ತ ಹೆಪ್ಪುಗಟ್ಟಿದ ಕಲೆಗಳು ಸಾಮಾನ್ಯ. ಇವು ಕೆಲವು ದಿನಗಳಿಂದ ಎರಡು ವಾರಗಳೊಳಗೆ ಇಳಿಯುತ್ತವೆ. ಮದುವೆಗೆ ಮೂರು ದಿನವಿರುವಾಗ ಚುಚ್ಚಿಸಿಕೊಳ್ಳುವುದು ಜಾಣತನವಲ್ಲ ಎನ್ನಲು ಈ ಒಂದು ಕಾರಣವೇ ಸಾಕು. ನಮ್ಮ ಮೈಬಣ್ಣದವರಲ್ಲಿ ಸೂಜಿ ಚುಚ್ಚಿದ ಗುರುತು ಕಪ್ಪಾಗಿ ಉಳಿಯುವ ಸಂಭವ ಹೆಚ್ಚು. ಚರ್ಮದ ತೀರಾ ಮೇಲ್ಪದರದಲ್ಲಿ ಚುಚ್ಚಿದರೆ ಆ ಜಾಗ ನೀಲಿಯಾಗಿ ಕಾಣಬಹುದು. ವಾರಗಳು ಅಥವಾ ತಿಂಗಳುಗಳ ನಂತರ ಗಂಟು, ಊತ ಕಾಣಿಸಿಕೊಂಡ ಪ್ರಕರಣಗಳೂ ಇವೆ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚುಚ್ಚುವ ಜಾಗದಲ್ಲಿ ಸೋಂಕು ಅಥವಾ ಕೀವು ತುಂಬಿದ ಮೊಡವೆ ಇರುವವರು, ತೀವ್ರ ಅಲರ್ಜಿಯ ಇತಿಹಾಸ ಇರುವವರು ಈ ಚಿಕಿತ್ಸೆಯಿಂದ ದೂರವಿರುವುದು ಒಳಿತು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ರಕ್ತನಾಳ ಮುಚ್ಚಿದರೆ...

ನಿಜವಾದ ಭಯವಿರುವುದು ಇಲ್ಲಿ. ಜೆಲ್ ಅಕಸ್ಮಾತ್ ರಕ್ತನಾಳದೊಳಗೆ ಹೋದರೆ ಮುಂದಿನ ಭಾಗಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಚರ್ಮ ಕೊಳೆಯಬಹುದು, ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಕೂಡ ಸಂಭವಿಸಬಹುದು. 2015ರಲ್ಲಿಯೇ ಎಫ್‌ಡಿಎ ಈ ಕುರಿತು ಎಚ್ಚರಿಕೆ ನೀಡಿದೆ. ಹುಬ್ಬುಗಳ ನಡುವಿನ ಭಾಗ, ಮೂಗು ಹಾಗೂ ಹಣೆ ಹೆಚ್ಚು ಅಪಾಯದ ಜಾಗಗಳು. ಇಲ್ಲಿನ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳಗಳೊಂದಿಗೆ ಸಂಪರ್ಕವಿದೆ.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಮಿತಿಮೀರಿದ ನೋವು, ಚರ್ಮ ಇದ್ದಕ್ಕಿದ್ದಂತೆ ಬಿಳಿಚಿಕೊಳ್ಳುವುದು, ಬಳಿಕ ಬಲೆ ಹೆಣೆದಂತೆ ನೇರಳೆ ಬಣ್ಣದ ಗೆರೆಗಳು ಮೂಡುವುದು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು. ದೃಷ್ಟಿಯ ತೊಂದರೆ ಸಾಮಾನ್ಯವಾಗಿ ಚುಚ್ಚಿದ ಕೂಡಲೇ ಕಾಣಿಸುತ್ತದೆ. ಚರ್ಮದ ಬದಲಾವಣೆ ಮಾತ್ರ ಕೆಲವು ಗಂಟೆಗಳ ನಂತರ, ಅಂದರೆ ವ್ಯಕ್ತಿ ಮನೆ ತಲುಪಿದ ಮೇಲೂ ಸ್ಪಷ್ಟವಾಗಬಹುದು. ಅದನ್ನು ಮಾಮೂಲಿ ಊತವೆಂದು ಭಾವಿಸಿ ಬೆಳಗಿನವರೆಗೆ ಕಾಯಬಾರದು.

ಹೈಲುರಾನಿಕ್ ಆಮ್ಲದ ದೊಡ್ಡ ಅನುಕೂಲವೆಂದರೆ ಅದನ್ನು ಕರಗಿಸುವ ಮದ್ದು ಇದೆ. ಅದರ ಹೆಸರು ಹೈಲುರಾನಿಡೇಸ್. ಕಣ್ಣಿನ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿಯೂ ಬಳಕೆಯಾಗುವ ಕಿಣ್ವವಿದು. ಮುಚ್ಚಿದ ಜಾಗಕ್ಕೆ ಬೇಗನೆ ಚುಚ್ಚಿದರೆ ಚರ್ಮ ಉಳಿಯುವ ಸಾಧ್ಯತೆ ಹೆಚ್ಚು. ಕಣ್ಣಿನ ವಿಷಯದಲ್ಲಿ ಸಮಯ ಇನ್ನೂ ಕಡಿಮೆ. ರಕ್ತವಿಲ್ಲದೆ ರೆಟಿನಾ ತಾಳಿಕೊಳ್ಳುವುದು ಹೆಚ್ಚೆಂದರೆ ಸುಮಾರು ಒಂದೂವರೆ ಗಂಟೆ. ಹೋದ ದೃಷ್ಟಿ ಮರಳುವುದು ವಿರಳ.

ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿವೆ. ಹರವೆಯಂತಹ ಊರಿನಿಂದ ರಾತ್ರಿ ವೇಳೆ ಹೊರಡಬೇಕಾದರೆ ವಾಹನ ಹುಡುಕುವುದರಲ್ಲೇ ಅಮೂಲ್ಯ ಸಮಯ ಕಳೆಯುತ್ತದೆ. ಆದ್ದರಿಂದ ದೂರದೂರಿನವರು ಚಿಕಿತ್ಸೆಯ ದಿನ ರಾತ್ರಿ ನಗರದಲ್ಲಿಯೇ ಉಳಿಯುವುದು, ವೈದ್ಯರ ನೇರ ದೂರವಾಣಿ ಸಂಖ್ಯೆ ಪಡೆದಿರುವುದು ಸೂಕ್ತ.

ಯಾರು ಚುಚ್ಚಬೇಕು?

ಇದು ಬ್ಯೂಟಿ ಪಾರ್ಲರ್‌ನ ಕೆಲಸವಲ್ಲ. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ, ಇದರಲ್ಲಿ ತರಬೇತಿಯಿರುವ ವೈದ್ಯರ ಬಳಿಗೇ ಹೋಗಬೇಕು. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿದ ಮಾತ್ರಕ್ಕೆ ಸೌಂದರ್ಯ ಚಿಕಿತ್ಸೆ ಮಾಡುವಷ್ಟು ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ 21 ವರ್ಷದ ಕಿರುತೆರೆ ನಟಿಯೊಬ್ಬರು ಮೃತಪಟ್ಟಿದ್ದರು. ಅದು ಬೇರೆಯೇ ಚಿಕಿತ್ಸೆ. ಆದರೂ ಸೌಂದರ್ಯಕ್ಕಾಗಿ ಮಾಡುವುದು ಕೂಡ ವೈದ್ಯಕೀಯ ಚಿಕಿತ್ಸೆಯೇ ಎಂಬುದನ್ನು ಅದು ರಾಜ್ಯಕ್ಕೆ ನೆನಪಿಸಿತು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಕ್ಲಿನಿಕ್‌ಗಳ ನೋಂದಣಿ ಕಡ್ಡಾಯ. ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಪ್ರದರ್ಶಿಸಬೇಕು, ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕವಿರಬೇಕು ಎಂದು 2024ರಲ್ಲಿ ಆರೋಗ್ಯ ಇಲಾಖೆ ಸೂಚಿಸಿತು. ಫಲಕವಿಲ್ಲದ ಕಡೆ ಸೂಜಿಗೆ ಮುಖ ಒಡ್ಡಬಾರದು.

ಆನ್‌ಲೈನ್‌ನಲ್ಲಿ ಸಿಗುವ, ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ಒಳಸೇರಿಸುವ 'ಹೈಲುರಾನ್ ಪೆನ್'ಗಳನ್ನು ಬಳಸಲೇಬಾರದೆಂದು 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಎಚ್ಚರಿಸಿದೆ.

ಕೇಳಬೇಕಾದ ಪ್ರಶ್ನೆಗಳು

* ಚುಚ್ಚುವವರು ಯಾರು? ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು?
* ಚುಚ್ಚುವುದು ಹೈಲುರಾನಿಕ್ ಆಮ್ಲವೇ, ಸಿಲಿಕೋನ್‌ನಂತಹ ಬೇರೆ ವಸ್ತುವೇ?
* ಮುಚ್ಚಿದ ಪೊಟ್ಟಣವನ್ನು ನಮ್ಮ ಎದುರೇ ತೆರೆಯುತ್ತೀರಾ? ಅದರ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕವನ್ನು ಬರೆದು ಕೊಡುತ್ತೀರಾ?
* ಹೈಲುರಾನಿಡೇಸ್ ಈ ಕ್ಲಿನಿಕ್‌ನಲ್ಲಿ ಈಗಲೇ ಇದೆಯೇ?
* ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ನಾಲ್ಕನೆಯ ಪ್ರಶ್ನೆಗೆ 'ತರಿಸಿಕೊಡುತ್ತೇವೆ' ಎಂಬ ಉತ್ತರ ಬಂದರೆ ಚಪ್ಪಲಿ ಮೆಟ್ಟಿ ಹೊರಡುವುದೇ ಮೇಲು. ಮುಖದ ಗೆರೆ ಇನ್ನೊಂದು ತಿಂಗಳು ಕಾಯಬಲ್ಲದು.